ಕಲ್ಲಿನೂರಿನಿಂದ ಕಲ್ಲು ನೋಡಲು

"ಕಲ್ಲು ನೋಡೋಕೆ ಉಡುಪಿಗೆ ಹೋಗ್ಬೇಕೇನಪ್ಪಾ?" ಎಂದು ಅಮ್ಮ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಚಿತ್ರದುರ್ಗದ ನಮ್ಮ ಮನೆಯ ಹಿತ್ತಿಲಲ್ಲಿ ಬಂಡೆ, ಮಹಡಿ ಹತ್ತಿದರೆ ಏಳು ಸುತ್ತಿನ ಕೋಟೆ. ನೆಂಟರು ಬಂದಾಗಲೆಲ್ಲ ಓಬವ್ವನ ಕಿಂಡಿ ತೋರಿಸಿ ತೋರಿಸಿ ನನ್ನ ಮಂಡಿಯೇ ಸವೆದಿದೆ. ಆದರೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಲ್ಲುಗಳು ಆರು ಮೂಲೆಯ ಕಂಬಗಳಾಗಿ ನಿಂತಿವೆಯೆಂದು ನಮ್ಮ ಶಾಲೆಯ ಗಣಿತದ ಮೇಷ್ಟ್ರು ಎಲ್ಲಿಯೋ ಓದಿದ್ದರು. ಹೋಳಿಗೆಯನ್ನು ಕೂಡ ದುಂಡಗಿದೆಯೇ ಎಂದು ನೋಡಿಯೇ ಬಾಯಿಗಿಡುವ ಅವರನ್ನು ತಡೆಯುವುದು ಸಾಧ್ಯವಿರಲಿಲ್ಲ. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟು ಬಿಡುವುದಿಲ್ಲವಾದ್ದರಿಂದ ದಸರಾ ರಜೆಯವರೆಗೆ ಕಾದು, ರಾತ್ರಿ ಬಸ್ಸು ಹತ್ತಿದೆವು.

ಮೊದಲ ವಿಘ್ನ ಮಂಡಕ್ಕಿಯದು. ಮೇಷ್ಟ್ರ ಮನೆಯವರು ಒಗ್ಗರಣೆ ಹಾಕಿ, ಹುರಿದ ಶೇಂಗಾ ಬೆರೆಸಿ, ದೊಡ್ಡ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟಿದ್ದ ಖಾರ ಮಂಡಕ್ಕಿಯನ್ನು ಚೀಲ ತಪಾಸಣೆಯವರು ಹೊರತೆಗೆದು, ದ್ವೀಪಕ್ಕೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ ಎಂದರು. ನಿಯಮ ಸರಿಯಾದದ್ದೇ. ಮೇಷ್ಟ್ರು ವಾದಿಸದೆ ಅಷ್ಟನ್ನೂ ತಮ್ಮ ಟವೆಲಿಗೆ ಸುರಿದು ಗಂಟು ಕಟ್ಟಿ, ಕೂಸನ್ನೆತ್ತಿಕೊಂಡಂತೆ ಎದೆಗವಚಿಕೊಂಡು ಬೋಟಿನಲ್ಲಿ ಕುಳಿತರು. ದ್ವೀಪದ ಹತ್ತಿರ ಸಣ್ಣ ದೋಣಿಗೆ ದಾಟಿಕೊಂಡು, ಅದರಿಂದ ಮೊಣಕಾಲುದ್ದದ ನೀರಿಗೆ ಇಳಿಯುವಾಗ, ಕೈಗಳೆರಡೂ ಮಂಡಕ್ಕಿಯ ಸೇವೆಯಲ್ಲಿದ್ದುದರಿಂದ ಅವರು ನನ್ನ ಹೆಗಲನ್ನು ಗದ್ದದಿಂದ ಹಿಡಿಯಲು ನೋಡಿದರು. ಒಂದು ಅಲೆ ಬಂತು. ಮಂಡಕ್ಕಿ ಉಳಿಯಿತು, ಅವರ ಎಡಗಾಲಿನ ಚಪ್ಪಲಿ ಅರಬ್ಬೀ ಸಮುದ್ರಕ್ಕೆ ಸಂದಿತು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದನೆಂದು ಪ್ರತೀತಿ ಇದೆ; ಅವನು ಮಂಡಕ್ಕಿ ತಂದಿರಲಿಕ್ಕಿಲ್ಲ.

ದ್ವೀಪವೆಂದರೆ ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲ, ತೆಂಗಿನ ಮರಗಳು, ಮರಳಿನ ಬದಲು ಕಾಲಿಗೆ ಚುಚ್ಚುವ ಚಿಪ್ಪುಗಳು. ಕಲ್ಲುಗಳು ಮಾತ್ರ ನಿಜಕ್ಕೂ ನೋಡತಕ್ಕವೇ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ತಣಿಯುತ್ತ ಕುಗ್ಗಿ, ಬೇಸಿಗೆಯಲ್ಲಿ ನಮ್ಮ ಕಡೆಯ ಕೆರೆಯಂಗಳ ಬಿರಿಯುವಂತೆಯೇ ಬಿರಿದು ಕಂಬಗಳಾದದ್ದಂತೆ. ಮೇಷ್ಟ್ರು ಒಂದೊಂದೇ ಕಂಬದ ಮೂಲೆಗಳನ್ನು ಬೆರಳಿಟ್ಟು ಎಣಿಸತೊಡಗಿದರು. ಆರು, ಆರು, ಐದು, ಏಳು. ಐದು ಬಂದಾಗ ಮತ್ತೊಮ್ಮೆ ಎಣಿಸಿದರು. ಮತ್ತೆ ಐದೇ ಬಂದಾಗ ಉತ್ತರ ತಪ್ಪು ಬರೆದ ವಿದ್ಯಾರ್ಥಿಯನ್ನು ನೋಡುವಂತೆ ಅದನ್ನು ನೋಡಿದರು. "ದುರ್ಗದ ಬಂಡೆ ಹತ್ತಿದವ್ರು ಸಾರ್ ನಾವು" ಎನ್ನುತ್ತ ಮೇಲಿನ ಕಂಬಕ್ಕೆ ಕಾಲಿಟ್ಟವರು ಪಾಚಿಯ ಮೇಲೆ ಜಾರಿ, ಉಪ್ಪುನೀರಿನ ಹೊಂಡದಲ್ಲಿ ನೆಟ್ಟಗೆ ಕುಳಿತುಬಿಟ್ಟರು. ಟವೆಲಿನ ಗಂಟು ಬಿಚ್ಚಿ, ಗಾಳಿಗೆ ಅಷ್ಟೂ ಮಂಡಕ್ಕಿ ಪಕ್ಕದ ಕುಟುಂಬದ ಫೋಟೋದೊಳಗೆ ಹಾರಿತು. ಅವರ ಆಲ್ಬಮ್ಮಿನಲ್ಲಿ ಅದು ಅಕ್ಷತೆಯಂತೆ ಕಾಣುತ್ತಿರಬೇಕು.

ಅವರ ಜೇಬಿನಲ್ಲಿದ್ದ ವಾಪಸು ಟಿಕೆಟ್ ಹಿಟ್ಟಾಗಿತ್ತು. ಅದನ್ನು ಬೋಟಿನವರ ಅಂಗೈಗಿಟ್ಟಾಗ ಅವರು ಒಮ್ಮೆ ಅದನ್ನು, ಒಮ್ಮೆ ಮೇಷ್ಟ್ರ ಬರಿಗಾಲನ್ನು ನೋಡಿ, "ನಿಮ್ಮನ್ನು ಇಲ್ಲೇ ಬಿಟ್ಟು ಹೋಗ್ಲಿಕ್ಕೆ ಆಗ್ತದಾ, ಹತ್ತಿ ಮಾರಾಯ್ರೆ" ಎಂದರು.

ಬೋಟಿನಲ್ಲಿ ವಿದ್ಯಾರ್ಥಿಗಳೊಂದಿಗೆ ಬಂದಿದ್ದ ಭೂವಿಜ್ಞಾನದ ಉಪನ್ಯಾಸಕರೊಬ್ಬರು ನಮ್ಮ ಊರು ವಿಚಾರಿಸಿ, ಕಣ್ಣರಳಿಸಿದರು. ಈ ದ್ವೀಪದಂತೆಯೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿರುವ ದಿಂಬಿನಾಕಾರದ ಲಾವಾ ಶಿಲೆಗಳು ಚಿತ್ರದುರ್ಗದ ಪಕ್ಕದ ಮರಡಿಹಳ್ಳಿಯಲ್ಲಿವೆ, ಸಮುದ್ರದಡಿ ಉಕ್ಕಿದ ಲಾವಾ ನೀರು ತಾಗಿ ಉಂಡೆಗಟ್ಟಿ ಆದವು ಅವು, ವಯಸ್ಸು ಸುಮಾರು 250 ಕೋಟಿ ವರ್ಷ, ನೀವು ನೋಡಿಯೇ ಇರುತ್ತೀರಿ ಎಂದರು. ನಾನು ಸಮುದ್ರದ ಕಡೆ ತಿರುಗಿದೆ.

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಮರಡಿಹಳ್ಳಿ ಅವರು ಮಾವನ ಮನೆಗೆ ಹೋಗುವ ದಾರಿಯಲ್ಲಿದೆ. ದಡ ಹತ್ತಿರವಾದಾಗ ನನ್ನ ಕಿವಿಯ ಬಳಿ ಬಗ್ಗಿ, "ಹೋದ ವರ್ಷ ಬೈಕ್ ಪಂಕ್ಚರ್ ಆದಾಗ ಒಂದು ಗಂಟೆ ಅದರ ಮೇಲೇ ಕೂತಿದ್ದೆ ಅನ್ಸುತ್ತೆ ಸಾರ್" ಎಂದರು. "ಅಮ್ಮನಿಗೆ ಹೇಳ್ಬೇಡಿ."