ಒತ್ತುವಷ್ಟರಲ್ಲಿ ಓಡಿ ಹೋದ ಕೋಣ

ಕಂಬಳಕ್ಕೆ ಹೋಗಿ ಬಂದವರ ಮೊಬೈಲ್ ತೆಗೆದು ನೋಡಿ, ಬಾಲಗಳೇ ಜಾಸ್ತಿ. ಕೋಣದ ಮುಖ ಬೇಕು ಅಂತ ಒತ್ತಿದರೆ ಬಾಲ ಬರುತ್ತದೆ. ಬಾಲವೂ ತಪ್ಪಿದರೆ ಕೆಸರು. ಅದೂ ಇಲ್ಲದಿದ್ದರೆ ಎದುರು ನಿಂತವರ ಟೋಪಿ. ಟೋಪಿ ಮಾತ್ರ ಪ್ರತಿ ಸಲ ನೂಲು ನೂಲು ಎಣಿಸುವಷ್ಟು ಸ್ಪಷ್ಟ. ಆಟೋಫೋಕಸ್‌ಗೆ ಕೋಣಕ್ಕಿಂತ ಟೋಪಿ ಮೇಲೇ ಪ್ರೀತಿ.

ಪಾಪ, ಬೆರಳನ್ನು ಬೈದು ಪ್ರಯೋಜನವಿಲ್ಲ. 2020ರ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ದಾರಿ) 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಸೆಕೆಂಡಿಗೆ ಹತ್ತು ಮೀಟರಿಗೂ ಜಾಸ್ತಿ ಆಯಿತಲ್ವಾ? ಕಣ್ಣು ಕಂಡದ್ದು ಮಿದುಳಿಗೆ ಹೋಗಿ, ಅಲ್ಲಿಂದ ಬೆರಳಿಗೆ ಅಪ್ಪಣೆಯಾಗಲು ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಕೋಣಗಳು ಎರಡು ಮೀಟರ್ ಆಚೆ. ನನ್ನದು ಒಳಗೆ ಕನ್ನಡಿ ಇರುವ ಹಳೇ ಡಿಎಸ್ಎಲ್ಆರ್ ಕ್ಯಾಮೆರಾ. ಚಿತ್ರ ಬೀಳುವಾಗ ಕನ್ನಡಿ ಮೇಲೆದ್ದು ಕಣ್ಣಿಟ್ಟು ನೋಡುವ ಕಿಂಡಿ ಕತ್ತಲಾಗುತ್ತದೆ. ಕಿಂಡಿಯಲ್ಲಿ ‘ಆಹಾ’ ಅನ್ನುವಂಥದ್ದು ಕಂಡಿತೋ, ಫೋಟೋದಲ್ಲಿ ಅದು ಇಲ್ಲ ಅಂತಲೇ ಲೆಕ್ಕ.

ಹಾಗಾದರೆ ಒತ್ತಿ ಹಿಡಿದು ಟಕಟಕ ಅನಿಸಿದರಾಯಿತು ಅನ್ನುತ್ತಾರೆ. ಅನಿಸಿದೆ. ಕೋಣಗಳು ಗಂತಿನಿಂದ, ಅಂದರೆ ಓಟ ಶುರುವಾಗುವ ಜಾಗದಿಂದ, ಹೊರಟಾಗಲೇ ಶುರು. ನನ್ನೆದುರು ಬರುವ ಹೊತ್ತಿಗೆ ತೆಗೆದ ಚಿತ್ರಗಳನ್ನು ತುಸು ಹೊತ್ತು ಇಟ್ಟುಕೊಳ್ಳುವ ಬಫರ್ ತುಂಬಿ ಕ್ಯಾಮೆರಾ ಊಟದ ಹೊತ್ತಿನ ಗುಮಾಸ್ತನ ಹಾಗೆ ಕೂತುಬಿಟ್ಟಿತು. ಕೆಂಪು ದೀಪ ಮಿಣುಕುತ್ತಿತ್ತು. ಕೋಣಗಳು ಓಟ ಮುಗಿಯುವ ಮಂಜೊಟ್ಟಿ ಹತ್ತಿ ಆಗಿತ್ತು.

ಇದ್ದುದರಲ್ಲಿ ಕನೆ ಹಲಗೆಯ ಓಟ ವಾಸಿ. ಅಲ್ಲಿ ವೇಗಕ್ಕಿಂತ ನೀರು ಮುಖ್ಯ. ಓಡಿಸುವವರು ಹಲಗೆಯ ಮೇಲೆ ಒಂದು ಕಾಲಿಟ್ಟು ನಿಲ್ಲುತ್ತಾರೆ, ಹಲಗೆಯ ಎರಡು ತೂತುಗಳಿಂದ ನೀರು ಚಿಮ್ಮಿ ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಬೇಕು. ಕೋಣ ಓಡಲಿ, ನಿಶಾನೆ ಎಲ್ಲಿಗೂ ಓಡುವುದಿಲ್ಲವಲ್ಲ! ಮೊದಲೇ ಅಲ್ಲಿಗೆ ಫೋಕಸ್ ಕಟ್ಟಿ ಕಾಯಬಹುದು.

ಕಾಯುತ್ತಿದ್ದೆ. ಪಕ್ಕದಲ್ಲಿ ಎಲೆಅಡಿಕೆ ಹಾಕಿದ್ದ ಅಜ್ಜ ಒಬ್ಬರು ನನ್ನ ಬೆರಳನ್ನೇ ನೋಡುತ್ತಿದ್ದರು. ಕೋಣಗಳ ಕೊಂಬು ನಿಶಾನೆಯ ಅಡಿಗೆ ಬಂದಾಗ ಸುತ್ತಲಿನ ಮೊಬೈಲೆಲ್ಲ ಕ್ಲಿಕ್ ಅಂದವು. ಅಜ್ಜ, “ಈಗ ಬೇಡ ಮಾರಾಯ್ರೆ, ನೀರು ಹಲಗೆಯಿಂದ ಬರುವುದು, ಕೊಂಬಿನಿಂದ ಅಲ್ಲ” ಅಂದರು. ಹೌದಲ್ಲ, ಹಲಗೆ ಇರುವುದು ಕೋಣಗಳ ಹಿಂದೆ! ಮುಂದಿನ ಜೋಡಿಗೆ ಅವರೇ “ಹಾಂ!” ಅಂದರು, ನಾನು ಒತ್ತಿದೆ. ಅವರ ಕಣ್ಣು ಕ್ಯಾಮೆರಾದ ಮೇಲಿರಲಿಲ್ಲ, ಓಡಿಸುವವರ ಮೊಣಕಾಲು ಬಗ್ಗುವುದರ ಮೇಲಿತ್ತು. ಮೊಣಕಾಲು ಬಗ್ಗಿದರೆ ನೀರು ಏಳುತ್ತದಂತೆ.

ಎದ್ದಿತ್ತು. ಬಿಳಿ ಬಟ್ಟೆ, ಅದಕ್ಕೆ ಬಡಿದು ಒಡೆದ ಕಂದು ನೀರು, ಒಂದೊಂದು ಹನಿಯೂ ಬಿಡಿಬಿಡಿ. ಜಂಬ ತಡೆಯದೆ ಕೋಣದ ಯಜಮಾನರನ್ನು ಹುಡುಕಿಕೊಂಡು ಹೋಗಿ ತೋರಿಸಿದೆ. ಅವರು ಪರದೆಯನ್ನು ಹಿಗ್ಗಿಸಿ, ಕುಗ್ಗಿಸಿ, ಕ್ಯಾಮೆರಾವನ್ನೇ ಅಡ್ಡ ತಿರುಗಿಸಿ ನೋಡಿದರು.

“ನೀರು ನಮ್ಮ ಬಾವಿಯಲ್ಲೂ ಉಂಟು ಮಾರಾಯ್ರೆ. ನಮ್ಮ ಕೋಣ ಎಲ್ಲಿ?”