ಶಿಫ್ಟ್ ಒತ್ತಿದರೆ ವೃತ್ತ, ಬಿಟ್ಟರೆ ಮೊಟ್ಟೆ

ಕಂಪ್ಯೂಟರಿಗೆ ಬಾರದ ಕೆಲಸವೇ ಇಲ್ಲ ಎನ್ನುವವರನ್ನು ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್ ಮುಂದೆ ಕೂರಿಸಿ, ‘ಒಂದು ವೃತ್ತ ಬರೆಯಿರಿ ನೋಡೋಣ’ ಎನ್ನಬೇಕು. ಟೂಲ್‌ಬಾಕ್ಸ್ ತುಂಬ ಸಾಮಾನಿದೆ. ಪೆನ್ಸಿಲ್ ಇದೆ, ಬ್ರಷ್ ಇದೆ, ಬಣ್ಣ ಊದುವ ಏರ್‌ಬ್ರಷ್ ಇದೆ, ಮುಖದ ಮೊಡವೆ ಮಾಯ ಮಾಡುವ ಹೀಲ್ ಟೂಲ್ ಕೂಡ ಇದೆ. ವೃತ್ತಕ್ಕೆ ಹುಡುಕಿದರೆ ಸಿಗುವುದು ‘ಎಲಿಪ್ಸ್ ಸೆಲೆಕ್ಟ್’. ಖುಷಿಯಿಂದ ಅದನ್ನು ಹಿಡಿದು ಎಳೆದರೆ ವೃತ್ತ ಬರಬೇಕಾದ ಜಾಗ ಗುರುತಾಗುತ್ತದೆ (ಇದಕ್ಕೇ ‘ಸೆಲೆಕ್ಷನ್’ ಎನ್ನುವುದು), ವೃತ್ತ ಮಾತ್ರ ಬರುವುದಿಲ್ಲ. ಆಮೇಲೆ ಎಡಿಟ್ ಮೆನುವಿಗೆ ಹೋಗಿ ‘ಸ್ಟ್ರೋಕ್ ಸೆಲೆಕ್ಷನ್’ ಹುಡುಕಿ, ಗೆರೆ ಎಷ್ಟು ದಪ್ಪ ಇರಬೇಕು ಎಂದು ತಿಳಿಸಬೇಕು. ಆಗ ಬರುತ್ತದೆ. ಅದೂ ಮೊಟ್ಟೆ ಆಕಾರದಲ್ಲಿ.

ಹಾಗಂತ ಗಿಂಪನ್ನು ಬೈಯುವ ಹಾಗೂ ಇಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರುಮಾಡಿದ್ದು ಅದು. ಮುಖ್ಯ ಕೆಲಸ ಫೋಟೋ ತಿದ್ದುವುದು. ಆಕಾರ ಬರೆಯಲು ಇಂಕ್‌ಸ್ಕೇಪ್‌ನಂಥವು ಬೇರೆ ಇವೆ. ಆದರೆ ಅರ್ಜೆಂಟಾಗಿ ಒಂದು ವೃತ್ತ ಬೇಕಾದವನು ಸಾಫ್ಟ್‌ವೇರ್‌ನ ಕುಲಗೋತ್ರ ವಿಚಾರಿಸುತ್ತಾ ಕೂರುತ್ತಾನೆಯೇ?

ಮೊಟ್ಟೆಯನ್ನು ವೃತ್ತ ಮಾಡುವ ಗುಟ್ಟು ಶಿಫ್ಟ್ ಕೀಲಿಯಲ್ಲಿದೆ. ಈ ಮಾತು ಎಲ್ಲರೂ ಹೇಳುತ್ತಾರೆ. ಯಾವಾಗ ಒತ್ತಬೇಕು ಎಂದು ಯಾರೂ ಹೇಳುವುದಿಲ್ಲ. ಗಿಂಪಿನಲ್ಲಿ ಮೌಸ್ ಒತ್ತುವ ಮೊದಲೇ ಶಿಫ್ಟ್ ಹಿಡಿದರೆ ಅದರ ಅರ್ಥವೇ ಬೇರೆ: ‘ಈಗಾಗಲೇ ಇರುವ ಸೆಲೆಕ್ಷನ್‌ಗೆ ಇದನ್ನೂ ಸೇರಿಸು’. ಎಳೆಯಲು ಶುರುಮಾಡಿದ ಮೇಲೆ ಒತ್ತಿದರೆ ಮಾತ್ರ ‘ಉದ್ದ ಅಗಲ ಸಮ ಇರಲಿ’ ಎಂದಾಗುತ್ತದೆ. ಮುಗಿಸುವಾಗ ಮೊದಲು ಮೌಸ್ ಬಿಡಬೇಕು, ನಂತರ ಶಿಫ್ಟ್. ಅವಸರದಲ್ಲಿ ಶಿಫ್ಟ್ ಮೊದಲು ಬಿಟ್ಟಿರೋ, ಕಣ್ಣೆದುರೇ ವೃತ್ತ ಮತ್ತೆ ಮೊಟ್ಟೆಯಾಗುತ್ತದೆ. ನನ್ನ ಎಡಗೈ ಕಿರುಬೆರಳಿಗೆ ಈ ಶಿಸ್ತು ಇವತ್ತಿಗೂ ಬಂದಿಲ್ಲ. ಅದು ಯಾವಾಗಲೂ ಒಂದು ಕ್ಷಣ ಮುಂಚೆಯೇ ಮನೆಗೆ ಹೊರಡುತ್ತದೆ.

ಒಂದು ಸಾಫ್ಟ್‌ವೇರ್‌ನಲ್ಲಿ ಕಲಿತರೆ ಇನ್ನೊಂದರಲ್ಲಿ ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿದ್ದೆ. ಸುಮ್ನೆ ಕನಸು. ಇಂಕ್‌ಸ್ಕೇಪ್‌ನಲ್ಲಿ ವೃತ್ತ ಬೇಕಾದರೆ ಕಂಟ್ರೋಲ್. ಅಲ್ಲಿ ಶಿಫ್ಟ್ ಒತ್ತಿದರೆ ಆಕಾರ ನಡುಮಧ್ಯದಿಂದ ಬೆಳೆಯುತ್ತದೆ. ಗಿಂಪಿನಲ್ಲಿ ನಡುಮಧ್ಯದಿಂದ ಬೆಳೆಯಬೇಕಾದರೆ ಕಂಟ್ರೋಲ್. ಅಂದರೆ ಸರಿಯಾಗಿ ಅದಲು ಬದಲು. ಫೋಟೋಶಾಪ್‌ನಲ್ಲಿ ಅದೇ ಕೆಲಸಕ್ಕೆ ಆಲ್ಟ್. ಇಂಕ್‌ಸ್ಕೇಪ್‌ನ ಕಂಟ್ರೋಲ್ ಇನ್ನೂ ಒಂದು ಉಪಕಾರ ಮಾಡುತ್ತದೆ. ಕೈ ಸ್ವಲ್ಪ ಜಾಸ್ತಿ ಅಡ್ಡ ಹೋದರೆ, ಒಂದಕ್ಕೆ ಎರಡರ ಅಳತೆಯಲ್ಲಿ ಅಚ್ಚುಕಟ್ಟಾದ ಮೊಟ್ಟೆ ಮಾಡಿಕೊಡುತ್ತದೆ. ಅಚ್ಚುಕಟ್ಟೇನೋ ಹೌದು, ಕೇಳಿದವರು ಯಾರು?

ಈ ಗೊಂದಲ ಸಾಲದು ಎಂಬಂತೆ 2018ರ ಅಕ್ಟೋಬರ್‌ನಲ್ಲಿ ಫೋಟೋಶಾಪ್ ಒಂದು ಬದಲಾವಣೆ ತಂದಿತು. ಚಿತ್ರದ ಗಾತ್ರ ಹಿಗ್ಗಿಸುವಾಗ ಅಳತೆ ಕೆಡಬಾರದು ಎಂದು ಜನ ವರ್ಷಗಟ್ಟಲೆ ಶಿಫ್ಟ್ ಒತ್ತುತ್ತಿದ್ದರು. ಹೊಸ ಆವೃತ್ತಿಯಲ್ಲಿ ಒತ್ತದಿದ್ದರೇ ಅಳತೆ ಸರಿ, ಒತ್ತಿದರೆ ಕೆಡುತ್ತದೆ. ಹೊಸಬರಿಗೆ ಅನುಕೂಲವೇ ಆಯಿತು. ಬೆರಳು ಪಳಗಿದವರ ಗತಿ? ಅವರು ಹಿಗ್ಗಿಸಿದ್ದೆಲ್ಲ ಸೊಟ್ಟ. ಆಮೇಲೆ ಹಳೆಯ ಪದ್ಧತಿಗೆ ಮರಳುವ ಆಯ್ಕೆಯನ್ನೂ ಪ್ರೆಫರೆನ್ಸಸ್‌ನಲ್ಲಿ ಇಟ್ಟರು. ಪಳಗುವುದಕ್ಕೂ ಅದೃಷ್ಟ ಬೇಕು ನೋಡಿ.

ಇನ್ನು ಸೆಲೆಕ್ಷನ್ ಸುತ್ತ ಓಡಾಡುವ ಚುಕ್ಕಿಗೆರೆ. ಅದಕ್ಕೆ ‘ಮಾರ್ಚಿಂಗ್ ಆಂಟ್ಸ್’, ಅಂದರೆ ಸಾಲಾಗಿ ನಡೆಯುವ ಇರುವೆಗಳು ಎನ್ನುತ್ತಾರೆ. 1984ರಲ್ಲಿ ಆಪಲ್‌ನ ಚಿತ್ರ ಬರೆಯುವ ಸಾಫ್ಟ್‌ವೇರ್ ಮ್ಯಾಕ್‌ಪೇಂಟ್‌ನಲ್ಲಿ, ಅದನ್ನು ರೂಪಿಸಿದ ಬಿಲ್ ಆಟ್ಕಿನ್ಸನ್ ಈ ಇರುವೆಗಳನ್ನು ಓಡಿಸಿದರು. ಒಳ್ಳೆಯ ಉಪಾಯ, ಇರುವೆಗಳು ಕಾಣುವವರೆಗೆ. ಒಮ್ಮೆ ನನ್ನ ಬ್ರಷ್ ಇದ್ದಕ್ಕಿದ್ದಂತೆ ಬಣ್ಣ ಬಿಡುವುದನ್ನೇ ನಿಲ್ಲಿಸಿತು. ಬಣ್ಣ ಬದಲಿಸಿದೆ, ಲೇಯರ್ ಬದಲಿಸಿದೆ, ಮೌಸ್ ಬದಲಿಸಿದೆ. ಕಂಪ್ಯೂಟರನ್ನೇ ಆರಿಸಿ ಹಚ್ಚಬೇಕೆಂದು ಹೊರಟಾಗ, ಚಿತ್ರದ ಬಲಗಡೆ ಮೂಲೆಯಲ್ಲಿ ನಾಲ್ಕೈದು ಪಿಕ್ಸೆಲ್ ಜಾಗದಲ್ಲಿ ಏನೋ ಮಿಣಮಿಣ ಎಂದಿತು. ಯಾವಾಗಲೋ ಕೈತಾಗಿ ಅಷ್ಟು ಜಾಗ ಸೆಲೆಕ್ಟ್ ಆಗಿತ್ತು. ಸೆಲೆಕ್ಟ್ ಆದ ಜಾಗ ಬಿಟ್ಟು ಬೇರೆಲ್ಲೂ ಬಣ್ಣ ಹತ್ತುವುದಿಲ್ಲ, ಅದು ನಿಯಮ. ಇರುವೆಗಳು ಅಲ್ಲಿ ಇಡೀ ಮಧ್ಯಾಹ್ನ ಕಾವಲು ಕಾಯುತ್ತಿದ್ದವು. ಗಿಂಪಿನಲ್ಲಿ ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒಟ್ಟಿಗೆ ಒತ್ತಿದರೆ ಓಡಿಹೋಗುತ್ತವೆ. ಫೋಟೋಶಾಪ್‌ನಲ್ಲಿ ಕಂಟ್ರೋಲ್ ಡಿ.

ಚಿಕ್ಕಪ್ಪನ ಕಥೆ ಹೇಳದಿದ್ದರೆ ಆಗದು. ಫೋನಿನಲ್ಲಿ ಯಾವುದೋ ಫಾರ್ಮ್ ತುಂಬುತ್ತಿದ್ದರು. ಯಾವ ಬಟನ್ ಒತ್ತಬೇಕು ಎಂದು ತೋರಿಸಲು, ಅವರು ಕಳಿಸಿದ ಸ್ಕ್ರೀನ್‌ಶಾಟ್ ಮೇಲೆ ಕೆಂಪು ವೃತ್ತ ಹಾಕಿ ಕಳಿಸಿದೆ. ಮಾನಿಟರ್‌ನಲ್ಲಿ ದೊಡ್ಡದು ಮಾಡಿ ನೋಡಿದಾಗ ನಾಜೂಕಾಗಿ, ಚೆಂದವಾಗಿ ಕಂಡಿತ್ತು. ಕೂಡಲೇ ಫೋನ್ ಬಂತು.

‘ಎಲ್ಲಿದೆಯೋ ನಿನ್ನ ಕೆಂಪು ವೃತ್ತ? ಸ್ಕ್ರೀನ್ ಮೇಲೆ ಕೂದಲು ಬಿದ್ದಿದೆ ಅಂತ ಆಗ್ಲಿಂದ ಒರೆಸ್ತಾ ಇದ್ದೀನಿ.’

ಗೆರೆಯನ್ನು 40 ಪಿಕ್ಸೆಲ್ ದಪ್ಪ ಮಾಡಿ ಮತ್ತೆ ಕಳಿಸಿದೆ.

‘ಹಾಂ, ಈಗ ವೃತ್ತ ಕಾಣ್ತಿದೆ. ಬಟನ್ ಎಲ್ಲಿ ಹೋಯ್ತು?’

ತ್ರಿಕೋನ ಸುಲಭ ಅಲ್ವಾ, ಮೂರೇ ಗೆರೆ ಎಂದು ಒಂದು ಪೋಸ್ಟರ್‌ನಲ್ಲಿ ಧೈರ್ಯ ಮಾಡಿದ್ದೂ ಇದೆ. ಬ್ರಷ್‌ನಿಂದ ಒಂದು ಕಡೆ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಇನ್ನೊಂದು ಕಡೆ ಕ್ಲಿಕ್ ಮಾಡಿದರೆ ನಡುವೆ ನೇರ ಗೆರೆ ಬರುತ್ತದೆ. ಗಿಂಪಿನಲ್ಲಿ ಜೊತೆಗೆ ಕಂಟ್ರೋಲ್ ಕೂಡ ಹಿಡಿದರೆ ಗೆರೆ 15 ಡಿಗ್ರಿಗೊಂದು ಹೆಜ್ಜೆಯಂತೆ ಮಾತ್ರ ತಿರುಗುತ್ತದೆ. 60 ಡಿಗ್ರಿ ಆ ಲೆಕ್ಕದಲ್ಲೇ ಬರುವುದರಿಂದ ಸಮಬಾಹು ತ್ರಿಕೋನ ಕೈಯಳತೆಯಲ್ಲಿದೆ ಎನಿಸುತ್ತದೆ. ಎರಡು ಗೆರೆ ಚೆನ್ನಾಗಿಯೇ ಬಂದವು. ಮೂರನೆಯದು ಮೊದಲಿನದರ ಪಕ್ಕದಲ್ಲೇ ಹಾದುಹೋಯಿತು, ಗುರುತಿದ್ದೂ ಮಾತಾಡಿಸದ ನೆಂಟರ ಹಾಗೆ. ನನ್ನ ಕೈಯ ದೋಷ ಎಂದು ಬಹಳ ದಿನ ನಂಬಿದ್ದೆ. ಆಮೇಲೆ ತಿಳಿಯಿತು, ಇದರ ಹಿಂದೆ ಗಣಿತವೇ ನಿಂತಿದೆ. 100 ಪಿಕ್ಸೆಲ್ ಬಾಹು ಇದ್ದರೆ ತ್ರಿಕೋನದ ಎತ್ತರ 86.6 ಬರಬೇಕು. ಪಿಕ್ಸೆಲ್ಲನ್ನು ಒಡೆದು .6 ಕೊಡಿ ಎನ್ನಲಾದೀತೇ? ಬಾಹು ಎಷ್ಟೇ ಇಟ್ಟರೂ, ಮೂರು ಮೂಲೆಗಳೂ ಪಿಕ್ಸೆಲ್ ಚೌಕಳಿಯ ಬಿಂದುಗಳ ಮೇಲೇ ಕೂರುವ ಕರಾರುವಾಕ್ಕಾದ ಸಮಬಾಹು ತ್ರಿಕೋನ ಇರುವುದಕ್ಕೇ ಸಾಧ್ಯವಿಲ್ಲ. 3ರ ವರ್ಗಮೂಲ ಅಡ್ಡ ಬರುತ್ತದೆ. ಇದನ್ನು ಓದಿದ ದಿನ ನನಗಾದ ನೆಮ್ಮದಿ ಅಷ್ಟಿಷ್ಟಲ್ಲ.

ನೆಮ್ಮದಿ ಬಣ್ಣ ಸುರಿಯುವ ಬಕೆಟ್ ಟೂಲ್ ಹಿಡಿಯುವವರೆಗೆ ಉಳಿಯಿತು. ಗೆರೆಗಳು ಕೂಡದ ಆ ಮೂಲೆಯಲ್ಲಿ ಒಂದೇ ಒಂದು ಪಿಕ್ಸೆಲ್ ಸಂದು ಇತ್ತು. ತ್ರಿಕೋನದೊಳಗೆ ಹಳದಿ ಸುರಿದೆ. ಬಣ್ಣ ಆ ಸಂದಿನಿಂದ ಹೊರಗೆ ನುಗ್ಗಿ ಪೋಸ್ಟರ್ ಪೂರ್ತಿ ಹಳದಿ ಮಾಡಿಬಿಟ್ಟಿತು. ಕೆಂಪು ಗೆರೆಯ ವೃತ್ತಕ್ಕೆ ಸುರಿದರೆ ಇನ್ನೊಂದು ತೊಂದರೆ. ಪಿಕ್ಸೆಲ್ ಚೌಕ, ಆದ್ದರಿಂದ ವೃತ್ತದ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಅದು ಕಾಣದಿರಲಿ ಎಂದು ಅಂಚಿನಲ್ಲಿ ಮಾಸಲು ಪಿಕ್ಸೆಲ್ ಇಡುತ್ತಾರೆ. ಬಕೆಟ್‌ಗೆ ಆ ಮಾಸಲು ಬಣ್ಣ ಬಿಳಿಯೂ ಅಲ್ಲ, ಕೆಂಪೂ ಅಲ್ಲ. ಹಾಗಾಗಿ ಮುಟ್ಟುವುದಿಲ್ಲ, ಸುತ್ತ ಬೆಳ್ಳನೆ ಬಳೆ ಉಳಿಯುತ್ತದೆ. ಬಣ್ಣ ಎಷ್ಟು ಬೇರೆಯಿದ್ದರೂ ಸುರಿಯಬಹುದು ಎಂದು ಹೇಳುವ ‘ಟಾಲರೆನ್ಸ್’ ಸ್ವಲ್ಪ ಏರಿಸಿದೆ, ಬಳೆ ತೆಳುವಾಯಿತು. ಇನ್ನೂ ಸ್ವಲ್ಪ ಏರಿಸಿದೆ. ಬಳೆಯ ಜೊತೆಗೆ ಗೆರೆಯೂ ಮುಳುಗಿ, ಮತ್ತೆ ಪೋಸ್ಟರೆಲ್ಲ ಹಳದಿ.

ಕೊನೆಗೆ ಆಫೀಸಿನ ಗೆಳತಿಯೊಬ್ಬಳಿಗೆ ಒಂದು ಲೋಗೋ ಮಾಡಿಕೊಡಬೇಕಾಯಿತು. ನೀಲಿ ಹಿನ್ನೆಲೆಯ ಮೇಲೆ ಕೂರುವ ದುಂಡನೆಯ ಲೋಗೋ. ಈ ಸಲ ಶಿಫ್ಟ್ ಸರಿಯಾದ ಹೊತ್ತಿಗೆ ಒತ್ತಿ, ಸರಿಯಾದ ಹೊತ್ತಿಗೆ ಬಿಟ್ಟೆ. ಸುತ್ತಲಿನದನ್ನೆಲ್ಲ ಅಳಿಸಿ ಪಾರದರ್ಶಕ ಮಾಡಿದೆ. ನಂತರ ಅಭ್ಯಾಸಬಲದಿಂದ ಜೆಪೆಗ್ ಆಗಿ ಉಳಿಸಿದೆ. ಜೆಪೆಗ್‌ನಲ್ಲಿ ಪಾರದರ್ಶಕತೆಗೆ ಜಾಗವೇ ಇಲ್ಲ, ಖಾಲಿ ಮಾಡಿದ್ದಕ್ಕೆಲ್ಲ ಬಿಳಿ ತುಂಬಿಕೊಂಡಿತು. ನೀಲಿಯ ಮೇಲೆ ದೊಡ್ಡ ಬಿಳಿ ಚೌಕ, ಅದರೊಳಗೆ ನನ್ನ ವೃತ್ತ. ಸರಿಪಡಿಸಿ ಕಳಿಸೋಣ ಎನ್ನುವಷ್ಟರಲ್ಲಿ ಅವಳ ಮೆಸೇಜ್ ಬಂತು: ‘ಚೌಕದೊಳಗೆ ವೃತ್ತ! ಐಡಿಯಾ ತುಂಬಾ ಚೆನ್ನಾಗಿದೆ, ನಮ್ಮ ಮ್ಯಾನೇಜರ್‌ಗೂ ಇಷ್ಟ ಆಯ್ತು. ಪ್ರಿಂಟ್‌ಗೆ ಕೊಟ್ಟಾಯ್ತು.’

ಆ ಚೌಕಕ್ಕೆ ಶಿಫ್ಟ್ ಕೂಡ ಒತ್ತಿರಲಿಲ್ಲ.