ಫ್ಯಾನಿನ ಕೆಳಗೊಂದು ದಾಸವಾಳ

ಬಿಸಿಲು 40 ಡಿಗ್ರಿ ದಾಟಿದ ಏಪ್ರಿಲ್ ಮಧ್ಯಾಹ್ನ, ಬಳ್ಳಾರಿಯಲ್ಲಿ ಫ್ಯಾನ್ ಆರಿಸಿದವನಿಗೆ ಮನೆಯಲ್ಲಿ ಮರ್ಯಾದೆ ಉಳಿಯುವುದಿಲ್ಲ. ಗೊತ್ತಿದ್ದೂ ಆರಿಸಿದೆ. ಮೇಜಿನ ಮೇಲೆ ದಾಸವಾಳ ಕಾಯುತ್ತಿತ್ತು.

ನನ್ನ ಸ್ಟುಡಿಯೋ ಎಂದರೆ ಪಡಸಾಲೆಯ ಒಂದು ಮೂಲೆ. ಫ್ರಿಜ್ಜಿನ ಜೊತೆ ಬಂದ ಥರ್ಮಾಕೋಲು, ಮಗಳ ಟ್ರೇಸಿಂಗ್ ಪೇಪರು ಹೊದಿಸಿದ ಎರಡು ಟೇಬಲ್ ಲ್ಯಾಂಪು, ಹೂವಿನ ತೊಟ್ಟು ಕಚ್ಚಲು ಬಟ್ಟೆ ಒಣಹಾಕುವ ಕ್ಲಿಪ್ಪು. ಹೂವಿನ ಫೋಟೋವನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿನ ಬೆಲೆಯನ್ನು ಮನೆಯಾಕೆಗೆ ಅರ್ಧಕ್ಕೆ ಇಳಿಸಿ ಹೇಳಿದ್ದೇನೆ. ಹೂವನ್ನು ಅಷ್ಟು ಹತ್ತಿರದಿಂದ ನೋಡಿದಾಗ ಬದುಕಿನ ಬಗ್ಗೆ ಏನೋ ಒಂದು ಹೊಳೆಯುತ್ತದೆ. ಅದನ್ನು ಹೇಳಲೆಂದೇ ಬರೆಯಲು ಕುಳಿತೆ. ಮೊದಲು ಈ ಫ್ಯಾನಿನ ವಿಚಾರ ಮುಗಿಯಲಿ.

ಅದು ಅಪ್ಪ ಕೊಂಡ ಫ್ಯಾನು. ಸ್ವಿಚ್ ಆರಿಸಿದರೂ ನಿಲ್ಲುವುದಿಲ್ಲ. ಎಣಿಸಿದ್ದೇನೆ, 110 ಸೆಕೆಂಡು. ನಿವೃತ್ತಿಯಾದ ಮೇಲೂ ಕಚೇರಿಗೆ ಬಂದು ಕೂರುವ ಹೆಡ್ ಗುಮಾಸ್ತರ ಹಾಗೆ ಸುತ್ತುತ್ತಲೇ ಇರುತ್ತದೆ. ರೆಗ್ಯುಲೇಟರಿನಲ್ಲಿ ಅಂಕಿ ಐದು, ವೇಗ ಎರಡೇ: ಬಿರುಗಾಳಿ, ಇಲ್ಲವೇ ಏನೂ ಇಲ್ಲ. ರಿಪೇರಿಗೆ ಬಂದವನು ಕೆಪಾಸಿಟರ್ ಬದಲಿಸಿ ಹೋದ ದಿನದಿಂದ ಕೀಚು ಕೀಚು ಎಂದು ರಾಗವನ್ನೂ ಕಲಿತಿದೆ. ಅದರ ಕೆಳಗೆ, ರಾಯಚೂರಿನಿಂದ ಬಂದಿದ್ದ ಸೋದರಮಾವ ರೊಟ್ಟಿ, ಪುಂಡಿಪಲ್ಯ ಉಂಡು ಚಾಪೆ ಹಾಸಿದ್ದರು. 70ನೇ ಸೆಕೆಂಡಿಗೆ ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಕರೆಂಟ್ ಹೋಯಿತೇನೋ?”

“ಇಲ್ಲ ಮಾವ, ನಾನೇ ಆರಿಸಿದೆ. ಹೂವು ಅಲ್ಲಾಡುತ್ತದೆ.”

“ಅಲ್ಲಾಡದ್ದೇ ಬೇಕಾದರೆ ಊರ ನಡುವೆ ಕೋಟೆ ಗುಡ್ಡವಿದೆಯಲ್ಲಪ್ಪ. ಅದರ ಫೋಟೋ ತೆಗೆ.”

ಗುಡ್ಡಕ್ಕೆ ಅವಸರವಿಲ್ಲ. ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಛತ್ರಿಯ ಹಾಗೆ ಮಡಚಿಕೊಳ್ಳುತ್ತದೆ. ಲೆನ್ಸಿಗೆ ಒಂದು ಸಲಕ್ಕೆ ನಿಚ್ಚಳವಾಗಿ ದಕ್ಕುವುದೋ, ಹೆಚ್ಚೆಂದರೆ ಒಂದು ಮಿಲಿಮೀಟರ್ ಆಳ. ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತಾ 20 ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ ಒಂದು ಹೂವು. “ಮೊಬೈಲಿನಲ್ಲೇ ಚೆನ್ನಾಗಿ ಬರುತ್ತದಲ್ಲ” ಎನ್ನುವವರೊಂದಿಗೆ ಮಾತು ಬಿಟ್ಟಿದ್ದೇನೆ. ಅವರಲ್ಲಿ ಒಬ್ಬ ನನ್ನ ಒಡಹುಟ್ಟಿದ ತಮ್ಮ. ಗ್ಲಿಸರಿನ್ ಹನಿಸಿ ‘ಮುಂಜಾನೆಯ ಇಬ್ಬನಿ’ ಎಂದು ಬರೆದುಕೊಳ್ಳುವವರನ್ನು ಕಂಡರೂ ಆಗುವುದಿಲ್ಲ. ಈ ಊರಿನ ಬೇಸಿಗೆಗೆ ಇಬ್ಬನಿಯಂತೆ! (ಒಮ್ಮೆ ಗ್ಲಿಸರಿನ್ ಸಿಗದೆ ನಾನೂ ಸಕ್ಕರೆ ಪಾಕ ಹನಿಸಿದ್ದೆ. ಇರುವೆಗಳ ಚಿತ್ರ ಚೆನ್ನಾಗಿ ಬಂದಿತು.)

ಅಂತೂ ಫ್ಯಾನ್ ನಿಂತಿತು. ಹೂವಿನ ನಡುವಿನ ಕಡ್ಡಿಯ ತುದಿಯಲ್ಲಿ ಮಖಮಲ್ಲಿನಂಥ ಐದು ಕೆಂಪು ಗುಂಡುಗಳು. ಅವುಗಳ ಕೆಳಗೆ ಹಳದಿ ಪರಾಗ, ರವೆಯ ಹಾಗೆ ಕಾಳು ಕಾಳಾಗಿ. ದಳದ ಗೆರೆಗಳಲ್ಲಿ ಕೂತಿದ್ದು ಮಾತ್ರ ನಮ್ಮೂರಿನ ಕೆಂಧೂಳು. ಬೆಳಿಗ್ಗೆಯಷ್ಟೇ ತೊಳೆದು ತಂದಿದ್ದೆ. ಅದಿರಿನ ಲಾರಿಗಳು ಹೂವನ್ನೂ ಬಿಡುವುದಿಲ್ಲ.

ಆಗ ಏನೋ ಹೊಳೆಯತೊಡಗಿತ್ತು. ಅಷ್ಟರಲ್ಲಿ, 12ನೇ ಚಿತ್ರಕ್ಕೆ, ಕರೆಂಟು ನಿಜವಾಗಿಯೇ ಹೋಯಿತು. ಎರಡೂ ಲ್ಯಾಂಪು ಆರಿದವು. ಮಗಳನ್ನು ಕೂಗಿ, ಕೈಗೆ ಟಾರ್ಚ್ ಕೊಟ್ಟು, ಉಸಿರು ಬಿಗಿಹಿಡಿದು ನಿಲ್ಲು ಎಂದೆ.

ಮಾವ ಎದ್ದು ಕುಳಿತರು. ದಿಂಬಿನ ಪಕ್ಕದ ದಿನಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಜೋರಾಗಿ ಬೀಸಿಕೊಳ್ಳುತ್ತಾ, “ಈಗಂತೂ ಫ್ಯಾನಿಲ್ಲ, ತೆಗೆದುಕೋ” ಎಂದರು.

ದಾಸವಾಳ ಹೌದು ಹೌದೆಂದು ತಲೆಯಾಡಿಸಿತು.